ದಾರ ಬಿಚ್ಚುವ ದಿನ

ನಿವೃತ್ತಿಯಾಗಿ ಮೂರು ವರ್ಷವಾಯಿತು. ಇವತ್ತಿಗೂ ಬಸ್ಸಿನಲ್ಲಿ ಹರೆಯದ ಹುಡುಗ ಯಾರಾದರೂ ಪಕ್ಕಕ್ಕೆ ಬಂದು ಕೂತರೆ ನನ್ನ ಕಣ್ಣು ಮೊದಲು ಅವನ ಕಣ್ಣಿನ ಪಾಪೆಗೆ ಹೋಗುತ್ತದೆ. ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿದೆಯೇ, ಕಣ್ಣು ಕೆಂಪಾಗಿದೆಯೇ, ಬಿಸಿಲಿನಲ್ಲೂ ಸೂಜಿಯ ಗುರುತು ಮುಚ್ಚುವ ತುಂಬು ತೋಳಿನ ಅಂಗಿ ಹಾಕಿದ್ದಾನೆಯೇ ಎಂದು ನೋಡಿಬಿಡುತ್ತೇನೆ. ಹೋದ ವರ್ಷ ತಂಗಿಯ ಮಗಳಿಗೆ ಗಂಡು ನೋಡಲು ಹೋದಾಗಲೂ ಇದೇ ಆಯಿತು. ನಾನು ಹುಡುಗನ ಮುಖವನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಅವನ ತಾಯಿ, "ಯಾಕಮ್ಮ, ನಮ್ ಹುಡುಗುಂದು ಮೆಳ್ಳೆಗಣ್ಣು ಅನ್ಕಂಡ್ರಾ?" ಎಂದು ಕೇಳಿಯೇಬಿಟ್ಟರು. ಆಮೇಲೆ ತಂಗಿ ನನ್ನನ್ನು ಅಂಥ ಕೆಲಸಕ್ಕೆ ಕರೆದುಕೊಂಡು ಹೋಗಿಲ್ಲ.

ನಾನು ತಮಿಳುನಾಡಿನ ಗಡಿಯ ಹೊಸೂರಿನ ಕಡೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ, ಹನ್ನೆರಡು ಹಾಸಿಗೆಯ ವ್ಯಸನ ಬಿಡಿಸುವ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದೆ. ಸೇರಿದಾಗ ಬರುತ್ತಿದ್ದವರು ನಲವತ್ತು ದಾಟಿದ ಕುಡುಕ ಗಂಡಂದಿರು. ಬಿಡುವ ಹೊತ್ತಿಗೆ ಹಾಸಿಗೆಗಳ ಮೇಲೆ ಇಪ್ಪತ್ತು, ಇಪ್ಪತ್ತೆರಡರ ಹುಡುಗರು: ಗಾಂಜಾ, ಕೆಮ್ಮಿನ ಸಿರಪ್ಪು, ನೋವಿನ ಮಾತ್ರೆ. ಈಗ ಅಲ್ಲಿ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಮನೆಗೆ ಬಂದು, "ಸಿಸ್ಟರ್, ಕೆಲಸ ನಿಜವಾಗಿ ಹೇಗಿರುತ್ತದೆಂದು ಬರೆದುಕೊಡಿ" ಎಂದು ಕೇಳಿದರು. ಬರೆಯುತ್ತೇನೆ. ಬಡ್ತಿಯ ವಿಷಯ ಬೇಡ. ನನಗೆ ಸಿಕ್ಕಿದ ಬಡ್ತಿ ಎಂದರೆ ಕೈಯಿರುವ ಕುರ್ಚಿ ಒಂದೇ.

ಮೊದಲು ನಮ್ಮ ದೊಡ್ಡ ಡಾಕ್ಟರ ಬಗ್ಗೆ ಹೇಳಬೇಕು. ತಿರುನೆಲ್ವೇಲಿ ಕಡೆಯ ತಮಿಳರು, ತುಂಬ ಓದಿಕೊಂಡವರು, ಸಿಟ್ಟು ಎಂಬುದು ಅವರ ಕಡೆ ಸುಳಿದದ್ದನ್ನು ನಾನು ಕಾಣೆ. ಕನ್ನಡವನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ, ವಾರ್ಡಿನಲ್ಲಿ ಮಲಗಿದ್ದ ಹುಡುಗರಿಂದ ಕಲಿತರು. ಹಾಗಾಗಿ ಟ್ರಸ್ಟಿನ ಅಧ್ಯಕ್ಷರು ಬಂದಾಗ ಕೈಮುಗಿದು ಎದ್ದುನಿಂತು, ಬಹಳ ಭಕ್ತಿಯಿಂದ, "ಬಾರ್ಲಾ, ಕೂತ್ಕಳ್ಲಾ" ಎಂದರು. ಅಧ್ಯಕ್ಷರು ನಮ್ಮ ಕಡೆಯ ಗೌಡರು. ಒಂದು ಗಳಿಗೆ ಡಾಕ್ಟರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಸುಮ್ಮನೆ ಕೂತರು.

ನಾನು ಸೇರಿದಾಗ ಚಿಕಿತ್ಸೆ ಎಂದರೆ ಬೀಗ. ಇಪ್ಪತ್ತೊಂದು ದಿನ ಒಳಗೆ ಹಾಕುವುದು, ಹೊರಗಿನಿಂದ ಅಗುಳಿ, ಕಿಟಕಿಗೆ ಸರಳು. ಇಪ್ಪತ್ತೆರಡನೇ ದಿನ ಮನೆಯವರು ಹೂವಿನ ಹಾರ ತಂದು ಕರೆದೊಯ್ಯುತ್ತಿದ್ದರು, ಮೂವತ್ತನೇ ದಿನ ಅದೇ ಮನೆಯವರು ಅವನನ್ನು ಎಳೆದು ತರುತ್ತಿದ್ದರು. ದೊಡ್ಡ ಡಾಕ್ಟರು ಬಂದ ವಾರವೇ ಅಗುಳಿ ಕೀಳಿಸಿದರು. ಎಲ್ಲರೂ ಓಡಿಹೋಗುತ್ತಾರೆ ಎಂದು ನಾನು ರಂಪ ಮಾಡಿದೆ. ಬಾಗಿಲು ತೆರೆದ ಮೊದಲ ದಿನ ಓಡಿಹೋದದ್ದು ಒಬ್ಬರೇ, ನಮ್ಮ ಅಡುಗೆಯವರು. ಬೀಗ ಇಲ್ಲದ ಕಡೆ ಇಂಥವರಿಗೆ ಅಡುಗೆ ಮಾಡುವುದು ತಮ್ಮಿಂದಾಗದು ಎಂದು ಹೇಳಿಕಳಿಸಿದರು.

ಮನೆಗೆ ಹೋಗಿ ನೋಡಿಬರುವ ಕೆಲಸದಲ್ಲಿ ನಾನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಟ್ರಸ್ಟಿನ ಜೀಪಿನ ಎರಡು ಮಗ್ಗುಲಿಗೂ 'ವ್ಯಸನ ಬಿಡಿಸುವ ಕೇಂದ್ರ' ಎಂದು ಮೊಳದುದ್ದದ ತಮಿಳು ಅಕ್ಷರದಲ್ಲಿ ಬರೆಸಿದ್ದರು. ಆ ಜೀಪನ್ನು ಕೆಲಮಂಗಲದ ಕಡೆ ಒಂದು ಮನೆಯ ಮುಂದೆ ನಿಲ್ಲಿಸಿಕೊಂಡು ಜಂಬದಿಂದ ಇಳಿದೆ. ಒಳಗೆ ನಮ್ಮ ರೋಗಿಗೆ ಹೆಣ್ಣು ಕೊಡಲು ಬಂದವರು ಉಪ್ಪಿಟ್ಟು ತಿನ್ನುತ್ತಿದ್ದರು. ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅಂದಿನಿಂದ ನಾನು ಜೀಪು ಹತ್ತಲಿಲ್ಲ. ಬಟ್ಟೆ ಚೀಲ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದೆ, ಅಕ್ಕಪಕ್ಕದವರು ಕೇಳಿದರೆ ಹುಡುಗನ ಚಿಕ್ಕಮ್ಮ ಎನ್ನುತ್ತಿದ್ದೆ. ಹೀಗಾಗಿ ಸುತ್ತಮುತ್ತಲ ಎಷ್ಟೋ ಹಳ್ಳಿಯಲ್ಲಿ ನನಗೆ ಅಕ್ಕ ಭಾವಂದಿರಿದ್ದಾರೆ. ಯುಗಾದಿಗೆ ಈಗಲೂ ಒಬ್ಬಟ್ಟು ಬರುತ್ತದೆ.

ಸರದಿಯ ದಿನ ಬಾರದ ರೋಗಿಗಳೆಲ್ಲ ಹೇಳುತ್ತಿದ್ದ ನೆಪ ಒಂದೇ: ಸಾನಮಾವಿನ ಹತ್ತಿರ ರಸ್ತೆಗೆ ಆನೆ ಬಂದಿತ್ತು. ಹೊಸೂರಿನಿಂದ ಉದ್ದನಪಲ್ಲಿಗೆ ಹೋಗುವ ದಾರಿ ಕಾಡು ಹಾಯುವುದರಿಂದ ಇಲ್ಲವೆನ್ನುವಂತಿಲ್ಲ. ನಾನು ಅರಣ್ಯದ ವಾಚರ್ ಒಬ್ಬರ ಫೋನ್ ನಂಬರು ಇಟ್ಟುಕೊಂಡು, ಹುಡುಗರ ಎದುರಿಗೇ ಫೋನು ಹಚ್ಚಿ ಆನೆ ವಿಚಾರಿಸುತ್ತಿದ್ದೆ. "ಎರಡು ದಿನದಿಂದ ಆನೆ ಡೆಂಕಣಿಕೋಟೆ ಕಡೆ ಅವೆ ಸಿಸ್ಟರ್" ಎಂದು ಆ ಕಡೆಯಿಂದ ಉತ್ತರ ಬಂದರೆ ಹುಡುಗರ ಮುಖ ನೋಡಬೇಕಿತ್ತು.

ಇನ್ನು ನಾಗೇಶನ ವಿಷಯ. ಈ ಬರಹ ಬರೆಯಲು ಒಪ್ಪಿದ್ದೇ ಅವನಿಗಾಗಿ.

ನಾಗೇಶ ಉದ್ದನಪಲ್ಲಿ ಕಡೆಯ ಹಳ್ಳಿಯವನು. ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದ. ಭಾರ ಎತ್ತಿ ಎತ್ತಿ ಭುಜ ನೋಯುತ್ತಿತ್ತು. ಜೊತೆಯವನೊಬ್ಬ ಒಂದು ಮಾತ್ರೆ ಕೊಟ್ಟ. ನೋವು ಹೋಯಿತು, ಜೊತೆಗೆ ಮನಸ್ಸೂ ಹಗುರವಾಯಿತು. ಆರು ತಿಂಗಳಲ್ಲಿ ಭುಜ ವಾಸಿಯಾಗಿತ್ತು, ಮಾತ್ರೆ ಮಾತ್ರ ಬಿಡಲಿಲ್ಲ. ಕೆಲಸ ಹೋಯಿತು. ತಾಯಿ ಮುನಿಯಮ್ಮ ವಿಧವೆ, ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆದು ಮಗನನ್ನು ಓದಿಸಿದವಳು. ಅವನನ್ನು ನಮ್ಮಲ್ಲಿಗೆ ಕರೆತಂದಾಗ ಅವನಿಗೆ ಇಪ್ಪತ್ತೆರಡು. ಮಾತ್ರೆ ಸಿಗದೆ ಮೈಯೆಲ್ಲ ಬೆವತು, ಆಕಳಿಸುತ್ತ, ಮೂಗು ಸೋರಿಸುತ್ತ ಬೆಂಚಿನ ಮೇಲೆ ಮುದುರಿಕೊಂಡಿದ್ದ.

"ಏನಾಗೈತಮ್ಮ ಮಗುಂಗೆ?" ಎಂದು ಕೇಳಿದೆ.

"ಸತ್ತಿಲ್ಲ ಸಿಸ್ಟ್ರಮ್ಮ. ಆದ್ರೆ ಮನೇಲಿ ಇಲ್ಲ" ಎಂದಳು.

ಅದೇ ತಿಂಗಳು ಕೃಷ್ಣಗಿರಿಯಲ್ಲಿ ಒಂದು ದಿನದ ತರಬೇತಿ ಇತ್ತು. ದೂರದ ಊರಿನಿಂದ ಬಂದಿದ್ದ ಲೇಡಿ ಡಾಕ್ಟರೊಬ್ಬರು ಪರದೆಯ ಮೇಲೆ ಪ್ರಪಂಚದ ನಕ್ಷೆ ತೋರಿಸಿದರು. ಈ ಕಾಯಿಲೆ ಇಲ್ಲದ ದೇಶವೇ ಇಲ್ಲ, ಅದು ಹೆಚ್ಚಾಗಿ ಹಿಡಿಯುವುದು ಹರೆಯದವರನ್ನು, ಅದರ ಹೊರೆ ಎಷ್ಟೆಂದು ಹೇಳಬೇಕಾದರೆ ಸತ್ತವರನ್ನು ಎಣಿಸಿದರೆ ಸಾಲದು, ಬದುಕಿದ್ದೂ ಕೈತಪ್ಪಿದ ವರ್ಷಗಳನ್ನು ಸೇರಿಸಬೇಕು ಎಂದರು. ಅಷ್ಟು ಕಲಿತವರು ಅಷ್ಟು ದೊಡ್ಡ ನಕ್ಷೆ ಇಟ್ಟು ಹೇಳಿದ್ದನ್ನೇ ಮುನಿಯಮ್ಮ ಬೆಂಚಿನ ಮೇಲೆ ಕೂತು ಒಂದು ಮಾತಿನಲ್ಲಿ ಹೇಳಿದ್ದಳಲ್ಲ ಎಂದು ನನಗೆ ಆಶ್ಚರ್ಯವಾಯಿತು. ಊಟದ ಹೊತ್ತಿನಲ್ಲಿ ಆ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಸಾಂಬಾರ್ ಅನ್ನದ ತಟ್ಟೆ ಕೆಳಗಿಟ್ಟು, ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡರು.

ಆ ಹೊತ್ತಿಗೆ ನಮ್ಮ ವೈದ್ಯದ ರೀತಿಯೂ ಬದಲಾಗಿತ್ತು. ನೋವಿನ ಮಾತ್ರೆಯ ಚಟ ಹತ್ತಿದವರಿಗೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗಿಸುವ ಒಂದು ಔಷಧಿ ಬಂದಿತ್ತು. ಮೊದಲು ದಿನಾ ನಮ್ಮೆದುರಿಗೇ, ಆಮೇಲೆ ವಾರಕ್ಕೊಮ್ಮೆ. ಅದು ಬೆವರು, ನಡುಕ, ಹಪಾಹಪಿ ಎಲ್ಲವನ್ನೂ ತಡೆದು ಹುಡುಗನನ್ನು ನೆಟ್ಟಗೆ ಕೆಲಸ ಮಾಡಿಕೊಂಡಿರಲು ಬಿಡುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಇದನ್ನು ಮನೆಯವರಿಗೆ ಒಪ್ಪಿಸುವುದರೊಳಗೆ ನನ್ನ ಗಂಟಲು ಬಿದ್ದುಹೋಗುತ್ತಿತ್ತು.

"ಮಾತ್ರೆ ಬಿಡ್ಸಕ್ಕೆ ಮಾತ್ರೇನಾ ಸಿಸ್ಟ್ರಮ್ಮ? ಹಾವಿಗ್ ಹೆದ್ರಿ ಚೇಳಿನ್ ತಾವ ಹೋದಂಗಾಯ್ತು" ಎಂದಳು ಮುನಿಯಮ್ಮ. ಆದರೂ ಎರಡು ತಿಂಗಳು ತಪ್ಪದೆ ಕೊಡಿಸಿದಳು. ನಾಗೇಶ ಚೇತರಿಸಿಕೊಂಡ. ಹೊಲಕ್ಕೆ ಹೋದ, ಹೂ ಕಿತ್ತ, ನನ್ನನ್ನು ರೇಗಿಸುವಷ್ಟು ಗೆಲುವಾದ.

ಆಗ ನಾನು ಜೀವಮಾನದ ದೊಡ್ಡ ತಪ್ಪು ಮಾಡಿದೆ.

ನಮ್ಮ ಕಡೆ ಚಟ ಬಿಡಿಸಲು ದೇವರ ದಾರ ಕಟ್ಟಿಸುವುದುಂಟು. ಉದ್ದನಪಲ್ಲಿಯಿಂದ ಆಚೆ ಬೇವಿನ ಮರದ ಕೆಳಗೆ ಒಂದು ಮುನೇಶ್ವರನ ಗುಡಿ. ಅಲ್ಲಿಯ ಪೂಜಾರಿ ತಿಮ್ಮರಾಯಪ್ಪನವರು ಅರಿಶಿನದ ದಾರವನ್ನು ಬಲಗೈ ಮಣಿಕಟ್ಟಿಗೆ ತಮ್ಮದೇ ಒಂದು ಗಂಟು ಹಾಕಿ ಕಟ್ಟುತ್ತಾರೆ. ಮೂರು ತಿಂಗಳೋ ಆರು ತಿಂಗಳೋ ಗಡುವು. ದಾರ ಕೈಯಲ್ಲಿರುವವರೆಗೆ ಅಮಲಿನ ಪದಾರ್ಥ ಮುಟ್ಟುವಂತಿಲ್ಲ. ಗಡುವು ಮುಗಿದ ದಿನ ಪೂಜಾರಿಯೇ ಬಿಚ್ಚಬೇಕು. ಮಧ್ಯದಲ್ಲಿ ಬಿಚ್ಚಿದರೆ ಮುನೇಶ್ವರ ಸುಮ್ಮನೆ ಬಿಡುವುದಿಲ್ಲ.

ಮುನಿಯಮ್ಮ ಬಂದು, "ಮೂರ್ ತಿಂಗ್ಳಿಗೆ ದಾರ ಕಟ್ಟಿಸ್ತಾ ಇದೀನಿ. ದಾರ ಐತಲ್ಲ, ನಿಮ್ ಮಾತ್ರೇನೂ ಮುಟ್ಬಾರ್ದು ಅಂತವ್ರೆ ಪೂಜಾರಪ್ಪ. ನಿಲ್ಲಿಸ್ಲಾ?" ಎಂದು ಕೇಳಿದಳು. ಡಾಕ್ಟರು ಅವತ್ತು ರಜೆ. ಅವರನ್ನು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ನಾನೂ ಅದೇ ಮಣ್ಣಿನವಳು, ನನ್ನ ತಮ್ಮನಿಗೂ ಹರೆಯದಲ್ಲಿ ಬೀಡಿ ಬಿಡಿಸಲು ಅದೇ ದೇವರ ದಾರ ಕಟ್ಟಿಸಿದ್ದರು. ಮುನೇಶ್ವರನ ಎದುರು ವಾದ ಮಾಡಲು ನನಗೆ ಭಯ. "ನಿಲ್ಸಮ್ಮ, ಎರಡ್ರಲ್ಲಿ ಒಂದಿದ್ರೆ ಸಾಕು" ಎಂದೆ. ಡಾಕ್ಟರು ಮರಳಿ ಬಂದಾಗ ಹೇಳಲೂ ಇಲ್ಲ. ರಿಜಿಸ್ಟರಿನಲ್ಲಿ ನಾಗೇಶನ ಹೆಸರಿನ ಮುಂದೆ 'ಗುಣ' ಎಂದು ಬರೆದುಕೊಂಡೆ.

ನಾಗೇಶ ಮೂರು ತಿಂಗಳು ವ್ರತ ಹಿಡಿದವನ ಹಾಗೆ ಇದ್ದ. ಒಂದು ಬೀಡಿಯನ್ನೂ ಮುಟ್ಟಲಿಲ್ಲ. ನಾನು ಬೀಗುತ್ತಿದ್ದೆ.

ದಾರ ಬಿಚ್ಚಿದ್ದು ಒಂದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯುವ ಹೊತ್ತಿಗೆ ಗೇಟಿನಲ್ಲಿ ಒಂದು ಬೈಕು ನಿಂತಿತು. ಮುಂದೊಬ್ಬ, ಹಿಂದೊಬ್ಬ, ನಡುವೆ ನಾಗೇಶ, ಕತ್ತು ಜೋಲಿಬಿದ್ದಿತ್ತು. "ಬಿಡುಗಡೆ ಆಯ್ತು ಅಂತ ಎಲ್ಲಾ ಸೇರಿದ್ವಿ ಸಿಸ್ಟರ್. ಮುಂಚೆ ತಗಂತಿದ್ದಷ್ಟೇ ತಗಂಡ. ಕೂತಂಗೇ ಉರುಳ್ಕಂಬುಟ್ಟ. ಬರ್ತಾ ಸಾನಮಾವು ತಾವ ಆನೆ ಅಂತ ಗಾಡಿ ನಿಲ್ಲಿಸ್ಬುಟ್ರು" ಎಂದ ಮುಂದಿನವನು. ಅವತ್ತು ನಾನು ಆನೆ ವಿಚಾರಿಸಲು ಫೋನು ಮಾಡಲಿಲ್ಲ. ನಾಗೇಶನ ತುಟಿ ನೀಲಿಯಾಗಿತ್ತು. ಪಾಪೆ ಚುಕ್ಕಿಯಷ್ಟಾಗಿತ್ತು. ನಿಮಿಷಕ್ಕೆ ನಾಲ್ಕು ಉಸಿರೂ ಇರಲಿಲ್ಲ.

ಈ ಕೆಲಸಕ್ಕೆ ಬರುವವರು ಇದೊಂದನ್ನು ಮರೆಯಬಾರದು. ಮೂರು ತಿಂಗಳು ಬಿಟ್ಟಿದ್ದ ದೇಹ ಹಳೆಯ ಅಳತೆಯನ್ನು ಮರೆತಿರುತ್ತದೆ, ಹುಡುಗ ಮಾತ್ರ ಮರೆತಿರುವುದಿಲ್ಲ. ಮುಂಚೆ ಅವನನ್ನು ಏನೂ ಮಾಡದಿದ್ದ ಅಳತೆಯೇ ಈಗ ಪ್ರಾಣ ತೆಗೆಯುತ್ತದೆ. ಜೈಲಿನಿಂದ ಬಂದ ದಿನ, ಆಸ್ಪತ್ರೆಯಿಂದ ಬಿಟ್ಟ ದಿನ, ನಮ್ಮ ಕಡೆ ದಾರ ಬಿಚ್ಚಿದ ದಿನ, ಇವೇ ಅಪಾಯದ ದಿನಗಳು. ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತರಬೇತಿಯಲ್ಲಿ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ.

ಡಾಕ್ಟರು ಓಡಿಬಂದರು. ಆಮ್ಲಜನಕ ಕೊಟ್ಟೆವು, ಅಮಲು ಇಳಿಸಿ ಉಸಿರು ಮರಳಿಸಲೆಂದೇ ಇಟ್ಟಿದ್ದ ಇಂಜೆಕ್ಷನ್ ಕೊಟ್ಟೆವು. ಎರಡನೆಯದು ಹೋದ ಮೇಲೆ ನಾಗೇಶ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟ, ನನ್ನನ್ನು ನೋಡಿದ, "ಯಾಕ್ ಸಿಸ್ಟ್ರಕ್ಕ ಎಬ್ಬಿಸ್ದೆ? ಚೆಂದಾಗ್ ಮಲ್ಗಿದ್ದೆ" ಎಂದು ಗದರಿದ. ಇಪ್ಪತ್ತಾರು ವರ್ಷದಲ್ಲಿ ಮೂರು ಭಾಷೆಯಲ್ಲಿ ಬೈಸಿಕೊಂಡಿದ್ದೇನೆ, ಅಷ್ಟು ಹಿತವಾದ ಬೈಗುಳ ಕೇಳಿಲ್ಲ.

ಸಂಜೆ ಡಾಕ್ಟರ ಎದುರು ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕೇಸ್ ಶೀಟು ನನ್ನ ಕಡೆ ತಳ್ಳಿ, "ನೀಂಗಳೇ ಎಳುದುಂಗ ಸಿಸ್ಟರ್" ಎಂದರು. ನೀವೇ ಬರೆಯಿರಿ ಎಂದು. ಔಷಧಿ ನಿಲ್ಲಿಸಲು ಹೇಳಿದವಳು ನಾನೇ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಆಮೇಲೆ ಅವರು ತಮ್ಮ ವಾರ್ಡಿನ ಕನ್ನಡದಲ್ಲಿ, "ದೇವ್ರನ್ನ ಬುಟ್ಬುಡು ಅಂತ ಯೋಳ್ಬ್ಯಾಡ. ಮಾತ್ರೇನೂ ಬುಡ್ಬ್ಯಾಡ ಅನ್ನು. ವೋಗು, ಪೂಜಾರೀನ ನೋಡ್ಲಾ" ಎಂದರು.

ಮಾರನೇ ದಿನವೇ ಬಸ್ಸು ಹತ್ತಿದೆ. ತಿಮ್ಮರಾಯಪ್ಪನವರು ಕಟ್ಟೆಯ ಮೇಲೆ ಕೂತು ಕೆನ್ನೆ ತುಂಬ ಹೊಗೆಸೊಪ್ಪು ಒತ್ತರಿಸಿಕೊಂಡಿದ್ದರು. ವಿಷಯ ಹೇಳಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಮುಖ ಕಪ್ಪಿಟ್ಟಿತು. "ನಾನು ಕಟ್ಟಿದ್ ದಾರದಿಂದ ಯಾರೂ ಸಾಯಬಾರ್ದಮ್ಮ" ಎಂದು ಎರಡು ಸಲ ಹೇಳಿದರು.

"ಹಂಗಾದ್ರೆ ನಮ್ಮ ಮಾತ್ರೆ ಅಮಲಲ್ಲ ಅಂತ ನೀವೇ ಹೇಳ್ಬೇಕು ಪೂಜಾರಪ್ಪ. ನಾನ್ ಹೇಳಿದ್ರೆ ಯಾರೂ ಕೇಳಾಕಿಲ್ಲ."

ಅವರು ಹೊಗೆಸೊಪ್ಪನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿದರು. "ಜ್ವರಕ್ಕೆ ಮಾತ್ರೆ ನುಂಗಿದ್ರೆ ಮುನೇಶ್ವರ ಕೋಪ ಮಾಡ್ಕಂತಾನಾ? ಇಲ್ಲ. ಇದೂ ಹಂಗೇ ಅಂತೀನಿ. ಬಿಚ್ಚೋ ದಿನ ನೀನೂ ಬಾ, ನಾನೊಬ್ನೇ ಬಿಚ್ಚಾಕಿಲ್ಲ" ಎಂದರು.

"ಬರ್ತೀನಿ. ಇನ್ನೊಂದೈತೆ. ಬಾಯಲ್ಲಿರೋದನ್ನ ಉಗುದು ನೀವೂ ಕೈ ಮುಂದಕ್ಕೆ ಚಾಚಿ."

ಅವರ ಕೈಗೆ ದಾರ ಕಟ್ಟಿದವಳು ನಾನು. ಹದಿನೇಳು ದಿನ ನಡೆಯಿತು. ಈಗ ನಾಲ್ಕನೆಯ ದಾರ ನಡೆಯುತ್ತಿದೆ, ಈ ಸಲ ಪರವಾಗಿಲ್ಲ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕೇಸ್ ಶೀಟಿನ ಮೇಲುಗಡೆ ಒಂದು ಹೊಸ ಸಾಲು ಸೇರಿತು: 'ದಾರ ಇದೆಯೇ? ಬಿಚ್ಚುವ ದಿನ ಯಾವುದು?' ಆ ದಿನಗಳಂದು ನಾನು ಚೀಲದಲ್ಲಿ ಇಂಜೆಕ್ಷನ್ ಇಟ್ಟುಕೊಂಡು ಗುಡಿಗೆ ಹೋಗುತ್ತಿದ್ದೆ. ದಾರ ಬಿಚ್ಚಿಸಿಕೊಂಡವನನ್ನು ಗೆಳೆಯರ ಕೈಗೆ ಕೊಡದೆ ಸೀದಾ ಮನೆಗೆ ಕರೆದೊಯ್ದು ಊಟ ಹಾಕಿಸಿ ಬರುತ್ತಿದ್ದೆ. ಎಷ್ಟು ಕಡೆ ಮುದ್ದೆ ಉಂಡೆನೋ.

ನಾಗೇಶನಿಗೆ ಎರಡನೇ ಸಲ ಒಂದು ವರ್ಷದ ಗಡುವಿನ ದಾರ ಕಟ್ಟಿದರು. ಮಾತ್ರೆಯೂ ನಡೆಯಿತು. ನಾಲ್ಕು ತಿಂಗಳಾದ ಮೇಲೆ ಅವನಿಗೆ ಬೇರೊಂದು ಕಾರ್ಖಾನೆಯಲ್ಲಿ ಮಿಷಿನ್ ಮೇಲೆ ಕೆಲಸ ಸಿಕ್ಕಿತು. ವಾರ ವಾರ ಬಂದು ಮಾತ್ರೆ ಒಯ್ಯುತ್ತಿದ್ದ. ಪಾಪೆ ನೋಡುತ್ತಿದ್ದೆ, ಸರಿಯಾಗಿರುತ್ತಿತ್ತು. ಆದರೂ ವರ್ಷ ತುಂಬುತ್ತ ಬಂದ ಹಾಗೆ ನನಗೆ ನಿದ್ದೆ ಕಡಿಮೆಯಾಯಿತು. ಮುನಿಯಮ್ಮನಂತೂ ವಾರದ ಮುಂಚಿನಿಂದಲೇ ಉಪವಾಸ ಹಿಡಿದಿದ್ದಳು. ಇನ್ನೊಂದು ಸಲ ಅವನನ್ನು ನೀಲಿ ತುಟಿಯಲ್ಲಿ ನೋಡುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಗುಡಿಯ ಮುಂದೆ ನಾವು ನಾಲ್ಕೇ ಜನ. ಪೂಜೆ ಆಯಿತು. ನಾಗೇಶ ಕೈ ಚಾಚಿದ. ತಿಮ್ಮರಾಯಪ್ಪನವರು ಮಣಿಕಟ್ಟು ಹಿಡಿದು ದಾರ ನೋಡಿದರು, ತಿರುಗಿಸಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಇದು ನಾನ್ ಹಾಕಿದ್ ಗಂಟಲ್ಲ" ಎಂದರು.

ಮುನಿಯಮ್ಮ ನಿಂತಲ್ಲೇ ಕುಸಿದು ಕೂತಳು. ನನ್ನ ಕೈ ತಾನಾಗಿ ಚೀಲದೊಳಗೆ ಹೋಯಿತು.

"ನಾಗೇಶ, ದಾರ ಬಿಚ್ಚಿದ್ಯೇನ್ಲಾ?" ಎಂದೆ.

ಅವನು ತಲೆ ತಗ್ಗಿಸಿದ. "ಬಿಚ್ಚಿದ್ದೆ ಸಿಸ್ಟ್ರಕ್ಕ. ಮಿಷಿನ್ ತಾವ ಕೈಗೆ ದಾರ, ಉಂಗ್ರ ಏನೂ ಇರ್ಬಾರ್ದು ಅಂತ ರೂಲ್ಸು. ಸಿಕ್ಕಾಕ್ಕಂಡ್ರೆ ಕೈನೇ ಹೋಯ್ತದೆ. ಗೇಟಲ್ಲಿ ಬಿಚ್ಚಿ ಊಟದ್ ಬ್ಯಾಗಲ್ಲಿ ಇಕ್ಕಂತಿದ್ದೆ. ಶಿಫ್ಟ್ ಮುಗುದ್ಮೇಲೆ ಕಟ್ಕಂತಿದ್ದೆ. ಅಮ್ಮಂಗ್ ಹೇಳಿದ್ರೆ ಕೆಲ್ಸ ಬುಟ್ಬುಡು ಅಂತಿದ್ಲು."

"ಎಷ್ಟು ದಿನ ಹಿಂಗ್ ಮಾಡ್ದೆ?"

"ಕೆಲ್ಸಕ್ ಸೇರ್ದಾಗಿಂದ ದಿನಾ. ಎಂಟ್ ತಿಂಗ್ಳು."

ನಾನು ದಾರ ಬಿಚ್ಚುವ ಒಂದು ದಿನಕ್ಕೆ ಹೆದರಿ ವರ್ಷವೆಲ್ಲ ಕಳೆದಿದ್ದೆ. ಆ ದಿನ ಅವನಿಗೆ ಎಂಟು ತಿಂಗಳಿಂದ ದಿನಾ ಬಂದು ಹೋಗುತ್ತಿತ್ತು.

"ದಾರ ಇಲ್ಲದಾಗ ಮನಸ್ ಬರ್ಲಿಲ್ವೇನಪ್ಪ?" ಎಂದು ಪೂಜಾರಪ್ಪ ಕೇಳಿದರು, ತಮ್ಮ ಕೈಯ ದಾರವನ್ನು ಸವರಿಕೊಳ್ಳುತ್ತ.

"ಬಂತು, ಸುಳ್ಳ್ಯಾಕ್ ಹೇಳ್ಲಿ. ಮೊದ್ಲು ದಿನಾ ಬತ್ತಿತ್ತು. ಬಂದಾಗ ಶಿಫ್ಟ್ ಮುಗುದು ದಾರ ಕಟ್ಕಳಾಕೆ ಎಷ್ಟೊತ್ತೈತೆ ಅಂತ ನೋಡ್ತಿದ್ದೆ. ಈಗ ಅಪ್ರೂಪ."

ತಿಮ್ಮರಾಯಪ್ಪನವರು ಅವನ ಕೈ ಬಿಟ್ಟರು. "ನಾನಿನ್ನೇನ್ ಬಿಚ್ಲಪ್ಪ, ನೀನೇ ಬಿಚ್ಕೊ" ಎಂದರು. ನಾಗೇಶ ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಒಂದೇ ಎಳೆತಕ್ಕೆ ಬಿಚ್ಚಿದ. ಎಷ್ಟು ಪಳಗಿದ ಕೈಯೆಂದರೆ ನಾವು ನೋಡುವುದರೊಳಗೆ ದಾರ ದೇವರ ಪಾದದಲ್ಲಿತ್ತು. ಅಮ್ಮನನ್ನು ತೋಳು ಹಿಡಿದು ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿದ. ಮೊಬೈಲಿನಲ್ಲಿ ಗಂಟೆ ನೋಡಿಕೊಂಡ.

"ಕಂಪ್ನಿ ಬಸ್ಸು ಬರೋ ಹೊತ್ತಾಯ್ತು ಸಿಸ್ಟ್ರಕ್ಕ. ಶನಿವಾರ ಮಾತ್ರೆಗೆ ಬತ್ತೀನಿ" ಎಂದು ಬ್ಯಾಗು ಹೆಗಲಿಗೇರಿಸಿ ರಸ್ತೆಯ ಕಡೆ ಹೊರಟ. ಇಪ್ಪತ್ತಾರು ವರ್ಷ ರೋಗಿಯ ಮನೆಯವರ ಎದುರು ಒಂದು ಹನಿ ಕಣ್ಣೀರು ಹಾಕದವಳು, ನಾನು ಮುನಿಯಮ್ಮನ ಪಕ್ಕ ಕೂತು ಅವಳ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.